ದನವೋ ಧನವೋ: ಪರದೆಯ ಮೇಲೆ ಕನ್ನಡ ಅಕ್ಷರದ ಅಳತೆ

ಬೀದರ ಜಿಲ್ಲೆಯ ಕಮಲನಗರದ ರೈತ ಮೊಬೈಲಿನಲ್ಲಿ ಪಹಣಿ ತೆರೆದರೆ ಮೊದಲು ಹುಡುಕುವುದು 11ನೇ ಕಾಲಂ. ಬ್ಯಾಂಕಿನ ಬೆಳೆಸಾಲ ತೀರಿದೆಯೋ, ಇನ್ನೂ ಜಮೀನಿನ ಮೇಲೆ ಕೂತಿದೆಯೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ಆದರೆ ಪಹಣಿ ಹುಟ್ಟಿದ್ದು ಕಾಗದಕ್ಕಾಗಿ. ಅದು ಅಗಲವಾದ ಕೋಷ್ಟಕ. ಮೊಬೈಲಿನ ಪರದೆಗೆ ಬಂದಾಗ ಇಡೀ ಹಾಳೆ ಕುಗ್ಗಿ ಕೂರುತ್ತದೆ. ಓದಲಾಗದೆ ಫೋನನ್ನು ಆನ್‌ಲೈನ್ ಅಂಗಡಿಯವನ ಮುಂದೆ ಹಿಡಿದು "ಅಣ್ಣಾ, ಇದರಾಗ ಏನ್ ಬರ್ದಾರ ನೋಡ್ರಿ" ಎನ್ನಬೇಕಾಗುತ್ತದೆ. ಹೀಗೆ ಕೇಳುವವರಲ್ಲಿ ಅನೇಕರು ಚೆನ್ನಾಗಿ ಓದು ಬಲ್ಲವರು. ಅವರನ್ನು ತಡೆಯುವುದು ಅಕ್ಷರಜ್ಞಾನದ ಕೊರತೆಯಲ್ಲ, ಅಕ್ಷರದ ಗಾತ್ರ.

ಲೆಕ್ಕ ಹಾಕಿ ನೋಡೋಣ. ಅಡ್ಡಲಾಗಿ ಇಟ್ಟ ಎ4 ಹಾಳೆಯ ಅಗಲ 297 ಮಿಲಿಮೀಟರ್. ಆರೂವರೆ ಇಂಚಿನ ಮೊಬೈಲಿನ ಪರದೆಯ ಅಗಲ ಸುಮಾರು 68 ಮಿಲಿಮೀಟರ್. ಹಾಳೆ ನಾಲ್ಕು ಪಟ್ಟಿಗಿಂತ ಹೆಚ್ಚು ಕುಗ್ಗುತ್ತದೆ. ಕಾಗದದ ಮೇಲೆ 10 ಪಾಯಿಂಟಿನಲ್ಲಿದ್ದ ಕನ್ನಡ ಅಕ್ಷರದ ಒಡಲು, ಅಂದರೆ ಮೇಲಿನ ಗುಡಿಸನ್ನೂ ಕೆಳಗಿನ ಒತ್ತನ್ನೂ ಬಿಟ್ಟು ಉಳಿದ ಭಾಗ, ಪರದೆಯ ಮೇಲೆ 0.4 ಮಿಲಿಮೀಟರಿನಷ್ಟಾಗುತ್ತದೆ. 35 ಸೆಂಟಿಮೀಟರ್ ದೂರದಿಂದ ನೋಡಿದರೆ ಅದು ಕಣ್ಣಿನಲ್ಲಿ ಮಾಡುವ ಕೋನ 4 ಮಿನಿಟಿಗೂ ಕಡಿಮೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗವೇ ಮಿನಿಟು. ಡಚ್ ನೇತ್ರವೈದ್ಯ ಹರ್ಮನ್ ಸ್ನೆಲ್ಲೆನ್ 1862ರಲ್ಲಿ ರೂಪಿಸಿದ ಕಣ್ಣು ಪರೀಕ್ಷೆಯ ಪಟ್ಟಿಯಲ್ಲಿ 6/6 ದೃಷ್ಟಿಯವರು ಗುರುತಿಸಬೇಕಾದ ಅಕ್ಷರ 5 ಮಿನಿಟಿನದು. ಕುಗ್ಗಿದ ಪಹಣಿ ಒಳ್ಳೆಯ ಕಣ್ಣಿನ ಮಿತಿಯನ್ನೂ ದಾಟಿ ಚಿಕ್ಕದು.

ಎರಡು ಬೆರಳಿನಿಂದ ಹಿಗ್ಗಿಸಬಹುದಲ್ಲ ಎನ್ನಬಹುದು. ಹಿಗ್ಗಿಸಿದರೆ 9ನೇ ಕಾಲಂನ ಕಬ್ಜೆದಾರರ ಹೆಸರು ಪರದೆಯ ಎಡಕ್ಕೆ ಜಾರಿ ಹೋಗುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗಿದ್ದರೆ, ಕಾಣುತ್ತಿರುವ ಸಾಲ ಯಾರದು ಎಂದು ತಿಳಿಯಲು ಎಡಕ್ಕೂ ಬಲಕ್ಕೂ ಎಳೆದಾಡಬೇಕು.

ಇನ್ನು ಪರದೆಗೆಂದೇ ಬರೆದ ಪುಟಗಳ ವಿಷಯ. ಬಹುತೇಕ ಬ್ರೌಸರುಗಳು ಬೇರೆ ಸೂಚನೆ ಇಲ್ಲದಿದ್ದರೆ ಅಕ್ಷರವನ್ನು 16 ಪಿಕ್ಸೆಲ್ ಗಾತ್ರದಲ್ಲಿ ತೋರಿಸುತ್ತವೆ. ಈ ಪಿಕ್ಸೆಲ್ ಪರದೆಯ ಮೇಲಿನ ಬೆಳಕಿನ ಚುಕ್ಕಿಯಲ್ಲ. ವೆಬ್‌ನ ನಿಯಮಾವಳಿಯಲ್ಲಿ ಅದು ಒಂದು ಕೋನ: ತೋಳಿನ ದೂರದಲ್ಲಿ, ಅಂದರೆ 28 ಇಂಚಿನಲ್ಲಿ, ಇಂಚಿನ 96ನೇ ಒಂದು ಪಾಲು ಎಷ್ಟು ಕಾಣುತ್ತದೋ ಅಷ್ಟು. ಅದಕ್ಕೇ 1080 ಚುಕ್ಕಿ ಅಗಲದ ಮೊಬೈಲು ಬ್ರೌಸರಿಗೆ ತನ್ನ ಅಗಲ 360 ಎಂದು ಹೇಳುತ್ತದೆ. ಅಂಥ ಫೋನಿನಲ್ಲಿ 16 ಎಂದರೆ 3 ಮಿಲಿಮೀಟರ್. 24 ಇಂಚಿನ ಮಾನಿಟರಿನಲ್ಲಿ 4.4 ಮಿಲಿಮೀಟರ್. ಫೋನನ್ನು 35 ಸೆಂಟಿಮೀಟರಿನಲ್ಲಿ ಹಿಡಿಯುತ್ತೇವೆ, ಮಾನಿಟರನ್ನು 60ರಲ್ಲಿ ನೋಡುತ್ತೇವೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಈ ಏರ್ಪಾಡು ನನಗೆ ತುಂಬ ಮೆಚ್ಚುಗೆಯಾದದ್ದು. ಆದರೆ ಪುಟ ಬರೆದವರು "ಸಾಧನದ ಅಗಲವನ್ನೇ ಹಿಡಿ" ಎಂಬ ಒಂದು ಸಾಲನ್ನು ಪುಟದ ತಲೆಭಾಗದಲ್ಲಿ ಸೇರಿಸಲು ಮರೆತರೆ ಎಲ್ಲವೂ ಕೆಡುತ್ತದೆ. ಮೊಬೈಲು ಆ ಪುಟವನ್ನು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ ಕುಗ್ಗಿಸುತ್ತದೆ; 16 ಹೋಗಿ 6ರಷ್ಟಾಗುತ್ತದೆ.

16 ಕನ್ನಡಕ್ಕೆ ಸಾಕೇ? ಮಿನ್ನೆಸೋಟ ವಿಶ್ವವಿದ್ಯಾಲಯದ ಗಾರ್ಡನ್ ಲೆಗ್ಗಿ ಮತ್ತು ಅಕ್ಷರ ವಿನ್ಯಾಸಕ ಚಾರ್ಲ್ಸ್ ಬಿಗೆಲೋ 2011ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಇಂಗ್ಲಿಷಿನ ಸಣ್ಣಕ್ಷರದ ಒಡಲು 0.2 ಡಿಗ್ರಿಯಿಂದ 2 ಡಿಗ್ರಿಯವರೆಗೆ ಇದ್ದಾಗ ಓದು ಸರಾಗ. ಅದಕ್ಕಿಂತ ಇಳಿದರೆ ಅಕ್ಷರ ಕಂಡರೂ ಓದಿನ ವೇಗ ಕುಸಿಯುತ್ತದೆ. ಮೊಬೈಲಿನಲ್ಲಿ 16ರ ಕನ್ನಡ ಅಕ್ಷರದ ಒಡಲು ಸುಮಾರು ಕಾಲು ಡಿಗ್ರಿ. 12ಕ್ಕೆ ಇಳಿಸಿದರೆ 0.2ಕ್ಕೂ ಕೆಳಗೆ.

ನನ್ನ ದೃಷ್ಟಿಯಲ್ಲಿ ಕನ್ನಡದಲ್ಲಿ ಒಡಲನ್ನು ಅಳೆದರೆ ಸಾಲದು. ದಕಾರ ಧಕಾರವಾಗುವುದು ಕೆಳಗಿನ ಒಂದು ಪುಟ್ಟ ಗೀಟಿನಿಂದ. ಬಕಾರ ಭಕಾರವಾಗುವುದೂ ಹಾಗೆಯೇ. ರ ಮತ್ತು ಠಗಳ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಪ ಮತ್ತು ಷಗಳ ನಡುವೆ ಒಳಗಿನ ಒಂದು ಗೆರೆ. ಮೊಬೈಲಿನ 16ರಲ್ಲಿ ಧಕಾರದ ಗೀಟು ಅಂದಾಜು 0.15 ಮಿಲಿಮೀಟರ್, ಅಂದರೆ ಒಂದೂವರೆ ಮಿನಿಟು. 12ರಲ್ಲಿ ಒಂದು ಮಿನಿಟಿನ ಅಂಚಿಗೆ ಬರುತ್ತದೆ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಕೊನೆಯ ಹಂತ ಅದು. ಅಲ್ಲಿಂದಾಚೆ ದನವೂ ಧನವೂ ಒಂದೇ ಆಗಿ ಕಾಣುತ್ತವೆ. ಓದುಗ ವಾಕ್ಯದ ಅರ್ಥದಿಂದ ಊಹಿಸಿಕೊಳ್ಳುತ್ತಾನೆ, ನಿಜ. ಆದರೆ ಪಹಣಿಯಲ್ಲಿರುವ ಹೆಸರಿಗೆ ವಾಕ್ಯದ ಆಸರೆ ಇರುವುದಿಲ್ಲ.

'ಕಮಲನಗರ' ಎಂಬ ಹೆಸರು ಚಿಕ್ಕ ಗಾತ್ರದಲ್ಲೂ ಬಿಡಿಬಿಡಿಯಾಗಿ ಕಾಣುತ್ತದೆ. ಆರು ಅಕ್ಷರ, ಒಂದಕ್ಕೂ ಒತ್ತಿಲ್ಲ, ಗುಡಿಸಿಲ್ಲ, ಕೊಂಬಿಲ್ಲ. ಪಕ್ಕದ 'ಭಾಲ್ಕಿ'ಗೆ ಕೆಳಗೊಂದು ಒತ್ತು ಇದೆ. ಗಡಿ ದಾಟಿದ 'ಮಹಾರಾಷ್ಟ್ರ'ದಲ್ಲಿ ಷಕಾರಕ್ಕೆ ಎರಡು ಒತ್ತು, ಒಡಲಿಗಿಂತ ಬಹಳ ಚಿಕ್ಕವು. ಫಾಂಟು ಓದಲು ಬರುವಂಥದ್ದೋ ಎಂದು ಪರೀಕ್ಷಿಸುವವರು 'ಕಮಲನಗರ' ಬರೆದು ನೋಡಿ ತೃಪ್ತರಾಗಬಾರದು, 'ಮಹಾರಾಷ್ಟ್ರ' ಬರೆದು ನೋಡಬೇಕು. ಆ ಒತ್ತುಗಳಿಗಾಗಿಯೇ ಕನ್ನಡದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಗಾತ್ರದ 1.6 ಪಟ್ಟು ಸಾಲಿನ ಎತ್ತರ ಇಟ್ಟರೆ ಕಣ್ಣಿಗೆ ಹಿತ. ಮೊಬೈಲಿನಲ್ಲಿ ಲೇಖನದ ಪಠ್ಯಕ್ಕೆ ನಾನು 18ನ್ನೇ ಆರಿಸುತ್ತೇನೆ. ಆಗ ಒಂದು ಸಾಲಿಗೆ ಮೂರೋ ನಾಲ್ಕೋ ಪದ ಬರುತ್ತವೆ, ಏಕೆಂದರೆ ಕನ್ನಡದ ಪದಗಳು ಉದ್ದ. ಎರಡೂ ಅಂಚು ಸಮ ಮಾಡಲು ಹೋದರೆ ನಡುವೆ ದೊಡ್ಡ ತೂತುಗಳು ಬೀಳುತ್ತವೆ. ಬಲದ ಅಂಚನ್ನು ಅದರ ಪಾಡಿಗೆ ಬಿಡುವುದೇ ಒಳ್ಳೆಯದು.

ಬೀದರ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಬೀದರದಿಂದ ಭಾಲ್ಕಿ, ಕಮಲನಗರ ಹಾದು ಉದಗೀರಕ್ಕೆ ಹೋಗುವ ರೈಲಿನಲ್ಲಿ ಕುಳಿತವರ ಫೋನುಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇರುತ್ತವೆ. ಮರಾಠಿಯ ಅಕ್ಷರಗಳು ತಲೆಗೆರೆಗೆ ಜೋತು ಬೀಳುತ್ತವೆ. ಉರ್ದುವಿನ ನಸ್ತಾಲೀಖ್ ಬರವಣಿಗೆಯಲ್ಲಿ ಪದ ಬಲದಿಂದ ಎಡಕ್ಕೆ ಇಳಿಜಾರಾಗಿ ಇಳಿಯುತ್ತದೆ. ಅದಕ್ಕೆ ಸಾಲಿನ ಎತ್ತರ ಗಾತ್ರದ ಎರಡು ಪಟ್ಟಾದರೂ ಬೇಕು. ಮೂರಕ್ಕೂ ಒಂದೇ ಅಂಕಿ ಕೊಟ್ಟ ಪುಟ ಒಂದಕ್ಕಾದರೂ ಅನ್ಯಾಯ ಮಾಡುತ್ತದೆ. ಯಾವ ಭಾಗ ಯಾವ ಭಾಷೆಯದೆಂದು ಪುಟದಲ್ಲಿ ಗುರುತು ಹಾಕಿ, ಭಾಷೆಗೆ ತಕ್ಕ ಗಾತ್ರ ಕೊಡುವ ಸೌಲಭ್ಯ ಬ್ರೌಸರುಗಳಲ್ಲಿ ಹಿಂದಿನಿಂದಲೂ ಇದೆ.

ಓದುಗನ ಕಣ್ಣೂ ಒಂದೇ ಸಮ ಇರುವುದಿಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ್ದು ಮಸುಕಾಗುತ್ತದೆ. ಚಾಳೀಸು ಮನೆಯಲ್ಲಿ ಮರೆತು ಬಂದವರು ಫೋನನ್ನು ಅರ್ಧ ಮೀಟರ್ ದೂರ ಹಿಡಿಯುತ್ತಾರೆ. ಆಗ 18ರ ಅಕ್ಷರ 13ರಂತೆ ಕಾಣುತ್ತದೆ. ತೊಗರಿ ಹೊಲದ ಬಿಸಿಲಿನಲ್ಲಿ ನಿಂತು ಬೆಳೆ ವಿಮೆಯ ಪುಟ ನೋಡುವವರಿಗೆ ತಿಳಿಬೂದು ಅಕ್ಷರ ಕಾಣುವುದೇ ಇಲ್ಲ. ಅಕ್ಷರದ ಮತ್ತು ಹಿನ್ನೆಲೆಯ ಬೆಳಕಿನ ಅನುಪಾತ 4.5ಕ್ಕೆ 1 ಆದರೂ ಇರಬೇಕು, ಅಕ್ಷರವನ್ನು ಶೇಕಡಾ 200ಕ್ಕೆ ಹಿಗ್ಗಿಸಿದರೂ ಪುಟ ಕೆಡಬಾರದು ಎಂದು ಅಂತರರಾಷ್ಟ್ರೀಯ ವೆಬ್ ಸುಗಮತೆಯ ಮಾರ್ಗಸೂಚಿ 2008ರಿಂದಲೇ ಹೇಳುತ್ತಿದೆ. ಆದ್ದರಿಂದ ಗಾತ್ರವನ್ನು ಗಟ್ಟಿ ಪಿಕ್ಸೆಲಿನಲ್ಲಿ ಕಟ್ಟಿಹಾಕದೆ, ಓದುಗ ತನ್ನ ಬ್ರೌಸರಿನಲ್ಲಿ ಆರಿಸಿಕೊಂಡ ಗಾತ್ರದ ಇಷ್ಟು ಪಟ್ಟು ಎಂದು ಬರೆಯುವುದು ಸರಿ. ಬೆರಳಿನಿಂದ ಹಿಗ್ಗಿಸುವುದನ್ನು ತಡೆಯುವ ಪುಟಗಳನ್ನು ನಾನು ಒಪ್ಪಲಾರೆ. ಆ್ಯಪಲ್ ಕೂಡ 2016ರಲ್ಲಿ ಐಫೋನಿನ ಸಫಾರಿಯಲ್ಲಿ ಆ ತಡೆಗೆ ಬೆಲೆ ಕೊಡುವುದನ್ನು ನಿಲ್ಲಿಸಿತು.

ದೊಡ್ಡ ಪರದೆ ಎಂದರೆ ದೊಡ್ಡ ಅಕ್ಷರ ಎಂಬ ನಂಬಿಕೆ ಶಾಲೆಯ ಟಿವಿಯ ಮುಂದೆ ಸುಳ್ಳಾಗುತ್ತದೆ. 43 ಇಂಚಿನ ಟಿವಿಯ ಅಗಲ 95 ಸೆಂಟಿಮೀಟರ್. ಅದನ್ನು 1920 ಪಿಕ್ಸೆಲ್ ಎಂದು ಎಣಿಸಿದರೆ 16ರ ಅಕ್ಷರ 8 ಮಿಲಿಮೀಟರ್. ನಾಲ್ಕು ಮೀಟರ್ ಹಿಂದಿನ ಬೆಂಚಿನಲ್ಲಿ ಕೂತ ಹುಡುಗಿಗೆ, ಮೊಬೈಲಿನಲ್ಲಿ 16 ಎಷ್ಟು ಕಾಣುತ್ತದೋ ಅಷ್ಟು ಕಾಣಬೇಕಾದರೆ ಗಾತ್ರ 70ರ ಹತ್ತಿರ ಇರಬೇಕು. ಆಗ ಒಂದು ಪರದೆಗೆ ಒಂಬತ್ತು ಸಾಲು ಹಿಡಿಯುತ್ತವೆ. ಪಾಠ ಸಿದ್ಧಪಡಿಸುವ ಮೇಷ್ಟ್ರು ಪಠ್ಯಪುಸ್ತಕದ ಪುಟವನ್ನು ಹಾಗೆಯೇ ಟಿವಿಗೆ ಏರಿಸದೆ, ಒಂಬತ್ತೊಂಬತ್ತು ಸಾಲಾಗಿ ಒಡೆದು ತೋರಿಸಬೇಕು.