‘ಬಣ್ಣದ ವೇಷ’: ತೆಂಕುತಿಟ್ಟಿನ ಒಂದು ಪಾತ್ರವರ್ಗವೂ ಅದೇ ಹೆಸರಿನ ಚಲಚ್ಚಿತ್ರವೂ

ಮಳೆಗಾಲವು ಕಳೆದು ದೀಪಾವಳಿಯ ಹಣತೆಗಳು ಆರಿದ ಮೇಲೆ ಮೂಡುಬಿದಿರೆ, ಬಂಟವಾಳ, ಬೆಳ್ತಂಗಡಿಗಳ ಸುತ್ತಣ ಗ್ರಾಮಗಳಲ್ಲಿ ಚೆಂಡೆಯ ದನಿಯು ಕೇಳತೊಡಗುವುದು. ಧರ್ಮಸ್ಥಳ, ಕಟೀಲು ಮುಂತಾದ ಕ್ಷೇತ್ರಗಳ ಮೇಳಗಳು ಆಗ ತಿರುಗಾಟಕ್ಕೆ ಹೊರಡುವುವು. ಕೊಯ್ಲಾದ ಗದ್ದೆಯಲ್ಲಿಯೋ ಹರಕೆ ಹೊತ್ತವರ ಮನೆಯಂಗಳದಲ್ಲಿಯೋ ರಂಗಸ್ಥಳವು ಸಿದ್ಧವಾಗುವುದು. ತುಳು ತಿಂಗಳಾದ ಬೇಶದ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯಂದು, ವೇಷಧಾರಿಗಳು ಗೆಜ್ಜೆ ಬಿಚ್ಚುವರು. ಈ ಸುಮಾರು ಆರು ತಿಂಗಳ ಅವಧಿಯಲ್ಲಿ ರಾತ್ರಿಯಲ್ಲಿ ಅರಸನಾಗಿ, ದೈತ್ಯನಾಗಿ, ದೇವನಾಗಿ ಮೆರೆದವನು ಪತ್ತನಾಜೆಯ ಮರುದಿನ ಯಾರಾಗಿ ಉಳಿಯುತ್ತಾನೆ? ಗಿರೀಶ ಕಾಸರವಳ್ಳಿಯವರು ೧೯೮೮ರಲ್ಲಿ ನಿರ್ದೇಶಿಸಿದ ‘ಬಣ್ಣದ ವೇಷ’ವೆಂಬ ಚಲಚ್ಚಿತ್ರವು ಎತ್ತುವ ಪ್ರಶ್ನೆಯು ಇದಕ್ಕೆ ತೀರ ಸಮೀಪವಾದುದು. ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯು ಅದಕ್ಕೆ ಸಂದಿತು. ಆದರೆ ಯಕ್ಷಗಾನದ ಪರಿಭಾಷೆಯ ಪರಿಚಯವಿಲ್ಲದ ಪ್ರೇಕ್ಷಕನಿಗೆ ಆ ಚಿತ್ರದ ಅರ್ಧಾರ್ಥವು ಮರೆಯಾಗಿಯೇ ಉಳಿಯುವುದು. ಆ ಪರಿಭಾಷೆಯನ್ನು ಬಿಡಿಸಿ, ಚಿತ್ರದ ವಸ್ತುವನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಹೆಸರಿನ ಅರ್ಥ

‘ಬಣ್ಣ’ವೆಂಬುದು ಸಂಸ್ಕೃತದ ‘ವರ್ಣ’ ಶಬ್ದದ ತದ್ಭವ. ಸಾಮಾನ್ಯ ಕನ್ನಡದಲ್ಲಿ ಈ ಶಬ್ದಕ್ಕೆ ಸಂಶಯದ ಛಾಯೆಯೊಂದು ಅಂಟಿಕೊಂಡಿದೆ. ನಂಬಲಾಗದ ನುಡಿಯು ‘ಬಣ್ಣದ ಮಾತು’. ಕಪಟವು ಹೊರಬಿದ್ದರೆ ‘ಬಣ್ಣ ಬಯಲಾಯಿತು’ ಎನ್ನುವರು. ‘ವೇಷಧಾರಿ’ಯೆಂದರೆ ಘಟ್ಟದ ಮೇಲಣ ಬಳಕೆಯಲ್ಲಿ ಬಹುಮಟ್ಟಿಗೆ ಸೋಗುಗಾರನೆಂದೇ ಅರ್ಥ. ಕರಾವಳಿಯಲ್ಲಾದರೋ ಈ ಎರಡು ಶಬ್ದಗಳೂ ಗೌರವದ ಶಬ್ದಗಳು. ಅಲ್ಲಿ ವೇಷಧಾರಿಯೆಂದರೆ ಕಲಾವಿದ. ‘ಇಂದು ರಾವಣ ಯಾರ ವೇಷ?’ ಎಂದು ಕೇಳುವವನ ಮನಸ್ಸಿನಲ್ಲಿರುವುದು ಕುತೂಹಲ ಮತ್ತು ಆದರ. ಇನ್ನು ‘ಬಣ್ಣದ ವೇಷ’ವೆಂಬುದು ಎಲ್ಲ ವೇಷಗಳಿಗೂ ಸಲ್ಲುವ ಮಾತಲ್ಲ. ಅದು ತೆಂಕುತಿಟ್ಟಿನಲ್ಲಿ ಒಂದು ಪಾತ್ರವರ್ಗಕ್ಕೆ ಮಾತ್ರ ಮೀಸಲಾದ ಪಾರಿಭಾಷಿಕ ಶಬ್ದ. ಕಿರೀಟ ವೇಷ, ಪುಂಡು ವೇಷ, ಸ್ತ್ರೀವೇಷ, ಹಾಸ್ಯ ಇವುಗಳಿಂದ ಬೇರೆಯಾಗಿ, ರಾವಣ, ಕುಂಭಕರ್ಣ, ಮಹಿಷಾಸುರ ಮೊದಲಾದ ಉಗ್ರಪಾತ್ರಗಳು ಈ ವರ್ಗಕ್ಕೆ ಸೇರುವುವು. ಇದರೊಳಗೂ ರಾಜಬಣ್ಣ, ಹೆಣ್ಣುಬಣ್ಣ ಎಂಬ ಭೇದಗಳುಂಟು. ಶೂರ್ಪನಖಿ, ಪೂತನಿ, ತಾಟಕಿಯರು ಹೆಣ್ಣುಬಣ್ಣದ ಪಾತ್ರಗಳು.

ಹೀಗಾಗಿ ಚಿತ್ರದ ಹೆಸರು ಎರಡು ಮುಖಗಳುಳ್ಳದ್ದು. ಕರಾವಳಿಯವನು ಅದರಲ್ಲಿ ಕಲೆಯ ಒಂದು ಉನ್ನತ ಸ್ಥಾನವನ್ನು ಕಾಣುವನು. ಹೊರಗಿನವನು ಮರೆಮಾಚುವ ಒಂದು ತೊಡಿಗೆಯನ್ನು ಕಾಣುವನು. ಚಿತ್ರದ ಕಥಾನಾಯಕನ ದುರಂತವು ಈ ಎರಡು ಅರ್ಥಗಳ ನಡುವೆ ಸಂಭವಿಸುವಂಥದು.

೨. ವೇಷವು ಸಿದ್ಧವಾಗುವ ಕ್ರಮ

ಬಣ್ಣದ ವೇಷವನ್ನು ಬರೆಯುವುದೇ ಒಂದು ತಪಸ್ಸು. ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ಉಳಿದವರು ಇನ್ನೂ ಊಟ ಉಪಚಾರಗಳಲ್ಲಿರುವಾಗ ಬಣ್ಣದ ವೇಷಧಾರಿಯು ಕನ್ನಡಿಯ ಮುಂದೆ ಕುಳಿತಿರುತ್ತಾನೆ. ಅಕ್ಕಿಯ ಹಿಟ್ಟಿಗೆ ಸುಣ್ಣವನ್ನು ಬೆರಸಿ ಕಲಸಿದ ಹದವನ್ನು ಕಡ್ಡಿಯಿಂದ ತೆಗೆದು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ, ಸಾಲು ಸಾಲಾಗಿ ಇಡುತ್ತ ಹೋಗುವನು. ಇದೇ ‘ಚುಟ್ಟಿ’. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಮತ್ತೊಂದು. ಹೀಗೆ ಮುಳ್ಳುಮುಳ್ಳಾಗಿ ಎದ್ದು ನಿಲ್ಲುವ ಚುಟ್ಟಿಯು ಪೂರ್ಣವಾಗಲು ಕೆಲವು ಗಂಟೆಗಳೇ ಹಿಡಿಯುವುವು. ಆ ಅವಧಿಯಲ್ಲಿ ಮುಖದ ಸ್ನಾಯುಗಳನ್ನು ಸಡಿಲಿಸುವಂತಿಲ್ಲ, ನಗುವಂತಿಲ್ಲ, ಚುಟ್ಟಿ ಬಿರಿದರೆ ಮತ್ತೆ ಮೊದಲಿನಿಂದ ತೊಡಗಬೇಕು. ಕಡೆಗೆ ಕೇಸರಿ ತಟ್ಟಿಯೆಂಬ ಭಾರಿ ಕಿರೀಟವನ್ನು ಏರಿಸಿ ಬಿಗಿದಾಗ, ಮನುಷ್ಯನ ಮುಖವು ಸಂಪೂರ್ಣವಾಗಿ ಅಳಿದು, ಇನ್ನೊಂದು ಆಕೃತಿಯು ಕನ್ನಡಿಯಲ್ಲಿ ಮೂಡಿರುತ್ತದೆ. ಸ್ತ್ರೀವೇಷ, ಪುಂಡು ವೇಷಗಳಲ್ಲಿ ನಟನ ಮುಖಲಕ್ಷಣವು ಬಣ್ಣದ ಹಿಂದೆಯೂ ಗುರುತಿಗೆ ಸಿಗುವುದು. ಬಣ್ಣದ ವೇಷದಲ್ಲಿ ಅದು ಉಳಿಯುವುದಿಲ್ಲ. ತನ್ನ ಮುಖವನ್ನು ಪೂರ್ತಿಯಾಗಿ ಅಳಿಸಿಕೊಂಡವನಿಗೇ ಇಲ್ಲಿ ಕೀರ್ತಿ.

ಪ್ರವೇಶವೂ ಅಂಥದೇ. ‘ದೇವಿಮಹಾತ್ಮೆ’ಯ ಮಹಿಷಾಸುರನು ಚೌಕಿಯಿಂದ ನೇರವಾಗಿ ರಂಗಕ್ಕೆ ಬರುವುದಿಲ್ಲ, ಉರಿಯುವ ದೊಂದಿಗಳ ನಡುವೆ, ರಾಳದ ಜ್ವಾಲೆಯೊಡನೆ, ಸಭಿಕರ ಮಧ್ಯದಿಂದಲೇ ಅಬ್ಬರಿಸುತ್ತ ಬರುವನು. ನಿದ್ರೆ ಹತ್ತಿದ ಮಕ್ಕಳು ಬೆಚ್ಚಿ ಏಳುವರು. ಆ ಕ್ಷಣದ ಅಧಿಕಾರವನ್ನು ಒಮ್ಮೆ ಅನುಭವಿಸಿದವನಿಗೆ ಅದು ಮರೆಯುವಂಥದಲ್ಲ. ಅನುಭವಿಸದೆ ಚೌಕಿಯ ಮೂಲೆಯಿಂದ ಪ್ರತಿದಿನವೂ ನೋಡುತ್ತ ಕುಳಿತವನಿಗಂತೂ ಅದು ಜನ್ಮದ ಹಂಬಲವಾಗಬಲ್ಲುದು.

೩. ಮೇಳದ ಸೋಪಾನ

ಮೇಳವೆಂಬುದು ಕಟ್ಟುನಿಟ್ಟಾದ ಶ್ರೇಣಿಯುಳ್ಳ ಸಂಸಾರ. ಹೊಸದಾಗಿ ಸೇರಿದ ಹುಡುಗನು ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯಬೇಕು, ಬಳಿಕ ಬಾಲಗೋಪಾಲ, ಅನಂತರ ಪ್ರಸಂಗದೊಳಗೆ ದೂತ, ಬಲಗಳಂಥ ಸಣ್ಣ ವೇಷಗಳು. ಕಾಲು ಪಳಗಿ, ಮಾತು ಕುದುರಿ, ಭಾಗವತರ ಮೆಚ್ಚುಗೆಯು ದೊರೆತ ಮೇಲೆ ಪುಂಡು ವೇಷದ ಅಭಿಮನ್ಯುವೋ ಬಭ್ರುವಾಹನನೋ ಕೈಗೆ ಬರಬಹುದು. ಯಾವ ವೇಷವು ಯಾರಿಗೆಂಬುದನ್ನು ನಿರ್ಣಯಿಸುವವನು ಕಲಾವಿದನಲ್ಲ. ಮೇಲಿನ ಸ್ಥಾನವು ತೆರವಾಗುವುದು ಹಿರಿಯನೊಬ್ಬನ ಮುಪ್ಪಿನಿಂದ, ಅನಾರೋಗ್ಯದಿಂದ, ಇಲ್ಲವೆ ಮೇಳಾಂತರದಿಂದ. ಆದುದರಿಂದ ಪ್ರತಿಭೆಯಿದ್ದೂ ಹತ್ತಾರು ತಿರುಗಾಟಗಳನ್ನು ಸಣ್ಣ ವೇಷಗಳಲ್ಲಿಯೇ ಕಳೆದವರು ಮೇಳಗಳಲ್ಲಿ ಅಪರೂಪವಲ್ಲ.

ಈ ಶ್ರೇಣಿಯು ಕೇವಲ ರಂಗದ ವಿಚಾರವೆಂದು ಭಾವಿಸಬಾರದು. ಸಂಬಳ, ಚೌಕಿಯಲ್ಲಿ ಕುಳಿತುಕೊಳ್ಳುವ ಜಾಗ, ಊರಿನವರ ಮಾತುಕತೆಯ ಮರ್ಯಾದೆ ಎಲ್ಲವೂ ಅದನ್ನು ಅನುಸರಿಸಿಯೇ ಇರುವುವು. ಮಳೆಗಾಲದಲ್ಲಿ ಹೆಸರಾಂತ ವೇಷಧಾರಿಗೆ ಕರೆಯುವವರುಂಟು; ಸಣ್ಣ ವೇಷದವನು ಬೇಸಾಯಕ್ಕೋ ಕೂಲಿಗೋ ಮರಳಬೇಕು, ಇಲ್ಲವೆ ಚಿಕ್ಕಮೇಳ ಕಟ್ಟಿಕೊಂಡು ಸಂಜೆಯ ಮಳೆಯಲ್ಲಿ ಮನೆಮನೆಯ ಚಾವಡಿಯನ್ನು ಹತ್ತಿಳಿಯಬೇಕು.

ಶ್ರೇಣಿಯ ತುದಿಯನ್ನು ಮುಟ್ಟಿದವರ ವಿಷಯದಲ್ಲಿಯೂ ಒಂದು ವಿಚಿತ್ರವಿದೆ. ತೆಂಕುತಿಟ್ಟಿನ ಇತಿಹಾಸದಲ್ಲಿ ಚಿರಸ್ಮರಣೀಯರಾದ ಇಬ್ಬರು ಕಲಾವಿದರು ಬಣ್ಣದ ಕುಟ್ಯಪ್ಪು ಮತ್ತು ಬಣ್ಣದ ಮಾಲಿಂಗ. ಇಲ್ಲಿ ಮನೆತನದ ಹೆಸರೂ ಹುಟ್ಟೂರಿನ ಹೆಸರೂ ಹಿಂದೆ ಸರಿದು, ಆ ಸ್ಥಾನದಲ್ಲಿ ‘ಬಣ್ಣದ’ ಎಂಬ ವಿಶೇಷಣವು ನಿಂತುಬಿಟ್ಟಿದೆ. ಜನರು ಪ್ರೀತಿಯಿಂದ ಕೊಟ್ಟ ಬಿರುದು ಇದು. ಇದರಲ್ಲಿ ನಷ್ಟದ ಭಾವನೆಯಿಲ್ಲ. ಆದರೂ ವೇಷವು ವ್ಯಕ್ತಿಯ ಹೆಸರಿನೊಳಕ್ಕೆ ಹೊಕ್ಕು ನೆಲಸಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಾಗಿಲ್ಲ.

೪. ಚಿತ್ರದ ವಸ್ತು

ಕಾಸರವಳ್ಳಿಯವರ ಚಿತ್ರದ ಕೇಂದ್ರದಲ್ಲಿರುವವನು ಇಂಥ ಒಬ್ಬ ಸಣ್ಣ ವೇಷದ ಕಲಾವಿದ. ಈ ಪಾತ್ರವನ್ನು ನಿರ್ವಹಿಸಿದವರು ಶ್ರೀಧರ್. ಅವರು ಭರತನಾಟ್ಯದಲ್ಲಿ ನುರಿತವರಾದುದರಿಂದ, ಹೆಜ್ಜೆ ಬಲ್ಲವನ ದೇಹದಲ್ಲಿ ಅವಕಾಶವಿಲ್ಲದೆ ಕುದಿಯುವ ಚಡಪಡಿಕೆಯನ್ನು ತೋರಿಸುವುದು ಅವರಿಗೆ ಸಾಧ್ಯವಾಗಿದೆ. ತನಗೆ ದಕ್ಕಿರುವ ಸ್ಥಾನದಿಂದ ತೃಪ್ತನಾಗದೆ ದೊಡ್ಡ ವೇಷಕ್ಕಾಗಿ ಹಂಬಲಿಸುವುದು ಅವನ ಬಾಳಿನ ಒಂದು ಮುಖ. ಹಂಬಲಿಸಿದ ವೇಷದ ನೆರಳಿನಲ್ಲಿ ತಾನು ಯಾರೆಂಬ ನಿಶ್ಚಯವೇ ಅಲುಗಾಡುವುದು ಇನ್ನೊಂದು ಮುಖ. ಮೊದಲನೆಯದು ಆಶೆಯ ಕಥೆ. ಎರಡನೆಯದು ಆತ್ಮದ ಕಥೆ. ರಂಗದ ಬದುಕನ್ನು ಕುರಿತ ಕಥೆಗಳು ಬಹುಮಟ್ಟಿಗೆ ಮೊದಲನೆಯದರಲ್ಲಿಯೇ ಮುಗಿದುಹೋಗುವುವು: ಅವಕಾಶವು ದೊರೆತರೆ ಸುಖಾಂತ, ದೊರೆಯದಿದ್ದರೆ ದುಃಖಾಂತ. ಈ ಚಿತ್ರದ ವೈಶಿಷ್ಟ್ಯವೇನೆಂದರೆ, ಆಶೆಯು ಈಡೇರುವುದನ್ನೇ ಅದು ಸಂಕಟದ ಮೂಲವಾಗಿ ಕಾಣುತ್ತದೆ.

ಕಾಸರವಳ್ಳಿಯವರ ಇತರ ಕೃತಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯಕರವಲ್ಲ. ೧೯೭೭ರ ‘ಘಟಶ್ರಾದ್ಧ’ದಲ್ಲಿ ಸಮಾಜವು ಬದುಕಿರುವ ಹೆಣ್ಣನ್ನು ಸತ್ತವಳೆಂದು ಸಾರಿ ಅವಳ ಗುರುತನ್ನು ಅಳಿಸುತ್ತದೆ, ‘ತಬರನ ಕಥೆ’ಯಲ್ಲಿ ಸರಕಾರದ ಕಡತಗಳ ನಡುವೆ ಒಬ್ಬ ಮುದಿ ನೌಕರನ ಅಸ್ತಿತ್ವವು ಕರಗಿಹೋಗುತ್ತದೆ. ಅಳಿಸುವ ಶಕ್ತಿಯು ಅಲ್ಲೆಲ್ಲ ಹೊರಗಿನದು. ‘ಬಣ್ಣದ ವೇಷ’ದಲ್ಲಿ ಮಾತ್ರ ಮನುಷ್ಯನು ತಾನಾಗಿಯೇ ಬಯಸಿ, ತನ್ನ ಕೈಯಿಂದಲೇ ಬರೆದುಕೊಂಡ ಬಣ್ಣವು ಅವನನ್ನು ಮರೆಸುವುದು.

ಇದರೊಡನೆ ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ಯನ್ನು (೧೯೮೧) ಹೋಲಿಸಿ ನೋಡಬಹುದು. ಅಶ್ವತ್ಥರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ಆರತಿಯವರು ನಿರ್ವಹಿಸಿದ ನಟಿಯು ರಂಗಕ್ಕಾಗಿ ಸಂಸಾರವನ್ನು ಕಳೆದುಕೊಳ್ಳುವಳು. ಮುಂದೆ ಚಲಚ್ಚಿತ್ರತಾರೆಯಾಗಿ ಮೆರೆಯುವಾಗ ಹೆತ್ತ ಮಗನೇ ಅವಳನ್ನು ತಾಯಿಯೆಂದು ಅರಿಯನು. ಅಲ್ಲಿ ಕೀರ್ತಿಯು ನಟಿಯ ಸಂಬಂಧಗಳನ್ನು ಕಸಿದುಕೊಳ್ಳುತ್ತದೆ. ತಾನು ಯಾರೆಂಬುದು ಅವಳಿಗೆ ಗೊತ್ತಿದೆ, ಮಗನಿಗೆ ಗೊತ್ತಿಲ್ಲ. ‘ಬಣ್ಣದ ವೇಷ’ದಲ್ಲಿ ಸಂದೇಹವು ಕಲಾವಿದನ ಒಳಗನ್ನೇ ಹೊಕ್ಕಿದೆ.

೫. ಪಾತ್ರ ಮತ್ತು ಪಾತ್ರೆ

ನಟನು ತಾನು ಧರಿಸಿದ ಪಾತ್ರವೇ ಆಗಿಬಿಡುವನೇ ಎಂಬ ಪ್ರಶ್ನೆಯು ಹೊಸದಲ್ಲ. ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ಇದಕ್ಕೆ ಸಮಾಧಾನ ಹೇಳಿರುವನು. ರಸಾಸ್ವಾದವು ಸಹೃದಯನಿಗೆ ಸೇರಿದುದು. ನಟನು ಅದನ್ನು ಒಯ್ಯುವ ಭಾಂಡ ಮಾತ್ರ. ಮದ್ಯದ ರುಚಿಯು ಅದನ್ನು ತುಂಬಿದ ಪಾತ್ರೆಗೆ ತಿಳಿಯದಂತೆ ನಟನೂ ರಸದಿಂದ ನಿರ್ಲಿಪ್ತನು. ಅವನನ್ನು ‘ಪಾತ್ರ’ವೆನ್ನುವುದು ಆದುದರಿಂದಲೇ ಎಂಬುದು ಅವನ ಅಭಿಪ್ರಾಯ. ಫ್ರಾನ್ಸಿನ ದಿದರೋ ಎಂಬ ಚಿಂತಕನೂ ತನ್ನ ಮರಣಾನಂತರ ೧೮೩೦ರಲ್ಲಿ ಪ್ರಕಟವಾದ ಸಂವಾದವೊಂದರಲ್ಲಿ, ಶ್ರೇಷ್ಠ ನಟನು ಭಾವದಲ್ಲಿ ಮುಳುಗದೆ ತಣ್ಣನೆಯ ಬುದ್ಧಿಯಿಂದಲೇ ಪ್ರೇಕ್ಷಕರ ಭಾವವನ್ನು ಕದಡುವನೆಂದು ವಾದಿಸಿದನು.

ತುಳುನಾಡಿನಲ್ಲಿಯಾದರೋ ಈ ಸಿದ್ಧಾಂತದ ಎದುರಿಗೆ ಇನ್ನೊಂದು ಪರಂಪರೆಯು ನಿಂತಿದೆ. ಭೂತಕೋಲದಲ್ಲಿ ಅಣಿ ಕಟ್ಟಿ ಗಗ್ಗರ ತೊಟ್ಟವನನ್ನು ಜನರು ನಟನೆಂದು ತಿಳಿಯುವುದಿಲ್ಲ. ಆ ಹೊತ್ತಿಗೆ ಅವನೇ ದೈವ, ಅವನ ನುಡಿಯೇ ತೀರ್ಪು. ಕೋಲ ಮುಗಿದು ಅಣಿಯು ಇಳಿದ ಮೇಲೆ ಅವನು ಮತ್ತೆ ಊರಿನ ಒಬ್ಬ ಸಾಮಾನ್ಯನು. ಅಲ್ಲಿ ವ್ಯಕ್ತಿಯ ಲೋಪಕ್ಕೂ ಮರಳುವಿಕೆಗೂ ವಿಧಿಯಿದೆ, ಊರಿನ ಒಪ್ಪಿಗೆಯಿದೆ. ಯಕ್ಷಗಾನವು ಹರಕೆಯ ಸೇವೆಯಾಗಿಯೂ ಮನೋರಂಜನೆಯಾಗಿಯೂ ಈ ಎರಡರ ನಡುವಣ ಗಡಿಯಲ್ಲಿದೆ. ವೇಷಧಾರಿಯು ಪಾತ್ರೆಯೇ, ಆವೇಶಕ್ಕೆ ಒಳಗಾದವನೇ? ಪ್ರೇಕ್ಷಕರು ಒಮ್ಮೆ ಒಂದನ್ನು, ಒಮ್ಮೆ ಇನ್ನೊಂದನ್ನು ಅವನಿಂದ ಬಯಸುವರು. ಆದರೆ ಮರಳಿ ತಾನಾಗುವುದಕ್ಕೆ ಕೋಲದಲ್ಲಿರುವಂಥ ವಿಧಿಯು ಅವನಿಗಿಲ್ಲ. ಬೆಳಗಿನ ಜಾವದಲ್ಲಿ ಎಣ್ಣೆ ಹಚ್ಚಿ ಚುಟ್ಟಿಯನ್ನು ಕೀಳುವುದು ಅವನೊಬ್ಬನ ಕೆಲಸ. ಚಿತ್ರದ ಕಲಾವಿದನ ತೊಳಲಾಟವನ್ನು ಕೇವಲ ಮಾನಸಿಕ ದೌರ್ಬಲ್ಯವೆಂದು ಬಗೆಯದೆ, ಈ ಗಡಿಯ ಇಕ್ಕಟ್ಟೆಂದು ಕಾಣುವುದು ಯುಕ್ತವಾಗಿದೆ.

೬. ಮೂಡುಬಿದಿರೆಯ ಒಂದು ದೃಷ್ಟಾಂತ

ಈ ಇಕ್ಕಟ್ಟಿಗೆ ಪ್ರತಿಯಾಗಿ ಇರಿಸಬಹುದಾದ ಆದರ್ಶವೊಂದು ಇದೇ ನೆಲದ ಕಾವ್ಯದಲ್ಲಿದೆ. ಮೂಡುಬಿದಿರೆಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದ ಮಧ್ಯದಲ್ಲಿ ರಚಿಸಿದ ‘ಭರತೇಶವೈಭವ’ದಲ್ಲಿ ಪೂರ್ವನಾಟಕ, ಉತ್ತರನಾಟಕ ಎಂಬ ಸಂಧಿಗಳಿವೆ; ಅರಸನೆದುರು ನಡೆಯುವ ನೃತ್ಯದ ವಿಸ್ತಾರವಾದ ವರ್ಣನೆಯು ಅಲ್ಲಿ ದೊರೆಯುವುದು. ಕವಿಯ ಭರತನು ಚಕ್ರವರ್ತಿಯ ಸಕಲ ವೈಭವವನ್ನೂ ಧರಿಸಿದ್ದಾನೆ, ಆದರೆ ಅದು ತಾನಲ್ಲವೆಂಬ ಎಚ್ಚರವನ್ನು ಬಿಟ್ಟಿಲ್ಲ. ಭೋಗದ ನಡುವೆ ಯೋಗಿಯಾಗಿರುವ ಈತನು, ವೇಷವನ್ನು ಪೂರ್ಣವಾಗಿ ತೊಟ್ಟೂ ವೇಷಕ್ಕೆ ವಶನಾಗದ ಮಹಾನಟನಂತೆ ತೋರುವನು. ಈ ಸಮತೋಲವು ಸುಲಭವೆಂದು ಹೇಳುವಂತಿಲ್ಲ. ಅದನ್ನು ಚಿತ್ರಿಸಿದ ಕವಿಯೇ ಅಸಮಾಧಾನದಿಂದ ಮತಾಂತರ ಹೊಂದಿ, ಮತ್ತೆ ಸ್ವಮತಕ್ಕೆ ಮರಳಿದನೆಂಬ ಐತಿಹ್ಯವನ್ನು ದೇವಚಂದ್ರನ ‘ರಾಜಾವಳೀಕಥೆ’ಯು ಹೇಳುತ್ತದೆ. ಐತಿಹ್ಯದ ಸತ್ಯಾಸತ್ಯತೆ ಹೇಗಾದರೂ ಇರಲಿ, ಒಂದು ಗುರುತನ್ನು ಕಳಚಿ ಇನ್ನೊಂದನ್ನು ಧರಿಸುವ ನೋವನ್ನು ಈ ನಾಡು ಬಹುಕಾಲದಿಂದ ಬಲ್ಲುದೆಂಬುದಕ್ಕೆ ಅದು ನಿದರ್ಶನವಾಗಿದೆ. ಭರತನು ಸಾಧಿಸಿದುದನ್ನು ಚಿತ್ರದ ಕಲಾವಿದನು ಸಾಧಿಸಲಾರನು. ಭರತನಿಗೆ ರಾಜ್ಯವು ಮೊದಲೇ ಇತ್ತು, ಇವನಿಗೆ ವೇಷವನ್ನು ಬಿಟ್ಟರೆ ಬೇರೆ ರಾಜ್ಯವೇ ಇಲ್ಲ.

೭. ಉಪಸಂಹಾರ

ಚಿತ್ರವು ತಯಾರಾದ ಕಾಲವನ್ನೂ ನೆನೆಯಬೇಕು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಟಿಕೇಟು ಕೊಟ್ಟು ನೋಡುವ ಟೆಂಟಿನ ಮೇಳಗಳು ಯಕ್ಷಗಾನಕ್ಕೆ ಹೊಸ ಪ್ರೇಕ್ಷಕರನ್ನೂ ಕಲಾವಿದರಿಗೆ ತಾರಾಪದವಿಯ ಕನಸನ್ನೂ ತಂದಿದ್ದುವು. ೧೯೮೮ರ ವೇಳೆಗೆ ದೂರದರ್ಶನವು ಮನೆಗಳನ್ನು ಹೊಕ್ಕಿತ್ತು. ಆ ಮೇಳಗಳು ಕ್ರಮೇಣ ವಿರಳವಾದುವು. ಹರಕೆಯಾಟದ ಮೇಳಗಳು ಮಾತ್ರ ಇಂದಿಗೂ ತಿರುಗಾಟ ನಡೆಸುತ್ತಿವೆ; ಇಡೀ ರಾತ್ರಿಯ ಆಟವು ಹಲವೆಡೆ ಕಾಲಮಿತಿಯ ಆಟವಾಗಿದೆ. ಆಟವು ಮೊಟಕಾದಾಗ ಮೊದಲು ಕ್ಷೀಣಿಸುವುದು ಪೂರ್ವರಂಗ. ಎಂದರೆ, ಸಣ್ಣ ವೇಷದ ಹುಡುಗನು ಹೆಜ್ಜೆ ಕಲಿಯುವ ಸ್ಥಳ.

ಸಾಹಿತ್ಯವನ್ನು ಬೋಧಿಸುವವರಿಗೆ ಈ ಚಿತ್ರವು ಪಾತ್ರ, ವೇಷ, ಬಣ್ಣವೆಂಬ ಮೂರು ಶಬ್ದಗಳ ಜೀವಂತ ಭಾಷ್ಯವಾಗಿ ಉಪಯುಕ್ತವಾದೀತು. ದೊಡ್ಡ ವೇಷ ದೊರೆಯದವನ ದುಃಖವು ಎಲ್ಲರಿಗೂ ಕಾಣುವಂಥದು. ದೊರೆತವನ ದುಃಖವು ಚುಟ್ಟಿಯ ಹಿಂದೆ ಅಡಗಿರುವಂಥದು. ಅದನ್ನು ಕಾಣಬೇಕಾದರೆ ರಂಗಸ್ಥಳದ ಎದುರಿನಿಂದ ಎದ್ದು, ಬೆಳಗಿನ ಜಾವದಲ್ಲಿ ಚೌಕಿಯ ಬಳಿಗೆ ಹೋಗಬೇಕು. ಕಾಸರವಳ್ಳಿಯವರ ಚಿತ್ರವು ಪ್ರೇಕ್ಷಕನನ್ನು ಅಲ್ಲಿಗೆ ಕರೆದೊಯ್ಯುವುದು.