ಅಮೃತಶಿಲೆಯ ಸಂತನೂ ಹುಣಸೆಯ ಹುಳಿಯೂ

ಬೆಳಗಾವಿಯ ದಂಡುಪ್ರದೇಶದಲ್ಲಾಗಲಿ ಖಾನಾಪುರದ ಕಡೆಯ ಹಳ್ಳಿಯಲ್ಲಾಗಲಿ ಕ್ಯಾಥೊಲಿಕರ ಪ್ರಾರ್ಥನಾಮಂದಿರವೊಂದನ್ನು ಹೊಕ್ಕಾಗ ಬಿಳಿಯ ಸಂತಮೂರ್ತಿಯೊಂದು ಕಣ್ಣಿಗೆ ಬೀಳಬಹುದು. ಅದು ಅಮೃತಶಿಲೆಯದೋ, ಪ್ಲಾಸ್ಟರಿನ ಅಚ್ಚೋ? ಮುಟ್ಟದೆಯೇ ಇದನ್ನು ತಿಳಿಯುವ ಉಪಾಯವುಂಟು. ಪಾದ್ರಿಗಳ ಅನುಮತಿ ಪಡೆದು, ಮೂರ್ತಿಯ ಬೆರಳುಗಳ ಹಿಂದಿನಿಂದ ಬ್ಯಾಟರಿಯ ಬೆಳಕನ್ನು ಬಿಡೋಣ. ಪ್ಲಾಸ್ಟರಾದರೆ ಬೆರಳು ಕಪ್ಪಾಗಿಯೇ ಉಳಿಯುವುದು. ಅಮೃತಶಿಲೆಯಾದರೆ ತೆಳುವಾದ ಅಂಚುಗಳು ಒಳಗಿನಿಂದ ಬೆಳಗಿದಂತೆ ತೋರುವುವು.

ಇಂಥ ಶಿಲೆ ಈ ಸೀಮೆಯದಲ್ಲ. ಬೆಳಗಾವಿಯ ಸುತ್ತ ಇರುವುದು ಲಾವಾ ಹೆಪ್ಪುಗಟ್ಟಿ ಆದ ಕರಿಯ ಬಸಾಲ್ಟು. ಖಾನಾಪುರದತ್ತ ಸಾಗಿದಂತೆ ಕೆಂಪು ಜಂಬಿಟ್ಟಿಗೆ. ಬೆಳಗಾವಿಯ ಕೋಟೆಯೊಳಗೆ 1204ರಲ್ಲಿ ಕಟ್ಟಿದ ಕಮಲಬಸದಿಯಲ್ಲಿ ಪೂಜೆಗೊಳ್ಳುವ ನೇಮಿನಾಥನ ಮೂರ್ತಿಯೂ ಕಪ್ಪುಕಲ್ಲಿನದೇ. ಖಾನಾಪುರವನ್ನು ದಾಟಿ ಘಟ್ಟವಿಳಿದರೆ ಸಿಕ್ಕುವ ಹಳೆಯ ಗೋವೆಯಲ್ಲಿ, ಸಂತ ಫ್ರಾನ್ಸಿಸ್ ಝೇವಿಯರನ ಸಮಾಧಿಗೆ ಅಮೃತಶಿಲೆಯ ಪೀಠ ಬೇಕಾದಾಗ ಅದನ್ನು ರಚಿಸಿದವನು ಇಟಲಿಯ ಫ್ಲಾರೆನ್ಸಿನ ಶಿಲ್ಪಿ ಫೊಜ್ಜೀನಿ. ಅದು ಕಡಲು ದಾಟಿ ಬಂದು 1698ರಲ್ಲಿ ಇಲ್ಲಿ ಜೋಡಣೆಗೊಂಡಿತು.

ಇಷ್ಟು ದೂರದಿಂದ ತರುವಂಥ ಗುಣ ಈ ಕಲ್ಲಿನಲ್ಲಿ ಏನಿದೆ? ಸುಣ್ಣಕಲ್ಲು ಭೂಗರ್ಭದ ಶಾಖ ಮತ್ತು ಒತ್ತಡಗಳಿಗೆ ಸಿಲುಕಿ ಮರಳಿ ಹರಳುಗಟ್ಟಿದಾಗ ಅಮೃತಶಿಲೆಯಾಗುತ್ತದೆ. ಈ ಹರಳುಗಳ ಹೆಸರು ಕ್ಯಾಲ್ಸೈಟ್. ವಿಚಿತ್ರವೆಂದರೆ ಶುದ್ಧವಾದ ಕ್ಯಾಲ್ಸೈಟ್ ಹರಳು ಬಿಳಿಯದಲ್ಲ, ಗಾಜಿನಂತೆ ಪಾರದರ್ಶಕವಾದುದು. ಅಚ್ಚಾದ ಅಕ್ಷರದ ಮೇಲಿಟ್ಟರೆ ಒಂದು ಅಕ್ಷರ ಎರಡಾಗಿ ಕಾಣುವುದು. ಬೆಳಕು ಸಾಗುವ ದಿಕ್ಕು ಮತ್ತು ಅದರ ಕಂಪನದ ದಿಕ್ಕುಗಳಿಗೆ ತಕ್ಕಂತೆ ಅದರ ವಕ್ರೀಭವನಾಂಕ 1.486ರಿಂದ 1.658ರವರೆಗೆ ಬದಲಾಗುವುದೇ ಇದಕ್ಕೆ ಕಾರಣ. ಶಿಲೆಯಲ್ಲಿ ಅಸಂಖ್ಯ ಹರಳುಗಳು ಒಂದೊಂದು ಒಂದೊಂದು ಕಡೆಗೆ ಮುಖಮಾಡಿ ಒತ್ತಾಗಿ ಕುಳಿತಿವೆ. ಹರಳಿನಿಂದ ಹರಳಿಗೆ ದಾಟುವಾಗಲೆಲ್ಲ ಕಿರಣವು ತುಸು ಬಾಗುತ್ತದೆ, ತುಸು ಹಿಂದಿರುಗುತ್ತದೆ. ಹೀಗೆ ಒಳಹೊಕ್ಕ ಬೆಳಕು ಕೆಲವು ಮಿಲಿಮೀಟರು ಅಲೆದಾಡಿ, ಹೊಕ್ಕ ಜಾಗದಲ್ಲಲ್ಲದೆ ಪಕ್ಕದಲ್ಲೆಲ್ಲೋ ಹೊರಬರುತ್ತದೆ. ನೆರಳಿನ ಅಂಚು ಮೆತ್ತಗಾಗುವುದು ಅದರಿಂದಲೇ. ನಮ್ಮ ಚರ್ಮದಲ್ಲಿಯೂ ಬೆಳಕಿನ ನಡೆ ಇದೇ ಬಗೆಯದು; ಕಲ್ಲು ಉಸಿರಾಡುವಂತೆ ಕಂಡರೆ ಆಶ್ಚರ್ಯವಿಲ್ಲ. ಪ್ಲಾಸ್ಟರಿನ ತುಂಬ ಗಾಳಿಯ ಸೂಕ್ಷ್ಮರಂಧ್ರಗಳಿರುವುದರಿಂದ ಬೆಳಕು ಮೇಲ್ಪದರದಲ್ಲಿಯೇ ಚದರಿ ಹಿಂದಿರುಗುತ್ತದೆ.

ಶಿಲ್ಪಿಗಳು ಈ ಭೌತವಿಜ್ಞಾನವನ್ನು ಕೈಯಿಂದಲೇ ಬಲ್ಲವರಾಗಿದ್ದರು. ರೋಮಿನ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಇಗರ್ಜಿಯ ಕೊರ್ನಾರೋ ಮಂದಿರದಲ್ಲಿ ಸಂತ ತೆರೇಸಳ ಮೂರ್ತಿಯನ್ನು ಬೆರ್ನೀನಿ ಕಡೆದುದು 1647ರಿಂದ 1652ರ ನಡುವೆ. ಅದರ ಮೇಲ್ಗಡೆ ನೋಡುವವರಿಗೆ ಕಾಣದ ಕಿಟಕಿಯೊಂದನ್ನಿಟ್ಟು, ಅಲ್ಲಿಂದ ಬೆಳಕನ್ನು ಇಳಿಸಿದನು. ಬಸಾಲ್ಟಿನಲ್ಲಿ ಈ ಯುಕ್ತಿ ನಡೆಯುತ್ತಿರಲಿಲ್ಲ.

ಆದರೆ ಈ ಹರಳು ಆಮ್ಲಕ್ಕೆ ಬಹಳ ಅಳುಕುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಕರಗಿದ ಮಳೆನೀರೂ ಸೌಮ್ಯವಾದ ಆಮ್ಲವೇ. ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನದು; ಅಲ್ಲಿಯ ಮಳೆಗೆ ಅಮೃತಶಿಲೆಯನ್ನು ಒಡ್ಡಲೇಬಾರದು. ಸೂರಿನಡಿಯಲ್ಲಿಯೂ ಅದಕ್ಕೆ ಪೂರ್ಣ ರಕ್ಷಣೆಯಿಲ್ಲ. ಮಳೆಗಾಲದ ಬೆಚ್ಚನೆಯ ತೇವಗಾಳಿ ತಣ್ಣಗಿರುವ ಕಲ್ಲನ್ನು ತಾಕಿದಾಗ ಹನಿಗಟ್ಟುತ್ತದೆ. ಅದನ್ನು ಸಂತನ ಕಣ್ಣೀರೆಂದು ಬಗೆಯುವವರುಂಟು. ತಣ್ಣೀರು ತುಂಬಿದ ತಂಬಿಗೆಯ ಮೈ ಬೆವರುವುದೂ ಇದೇ ನಿಯಮದಿಂದ.

ಮಳೆಗಿಂತಲೂ ನಾವು ಅಂಜುವುದು ಭಕ್ತಿಯಿಂದ ತೊಳೆಯುವ ಕೈಗಳಿಗೆ. ಹಬ್ಬದ ಹಿಂದಿನ ದಿನ ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದವರು ಅದೇ ಹುಳಿಯಿಂದ, ಇಲ್ಲವೆ ನಿಂಬೆಹಣ್ಣಿನಿಂದ ಮೂರ್ತಿಯ ಮುಖವನ್ನೂ ತಿಕ್ಕುವುದುಂಟು. ನೊರೆನೊರೆಯಾಗಿ ಗುಳ್ಳೆಯೆದ್ದರೆ ಕೊಳೆ ಬಿಡುತ್ತಿದೆಯೆಂದು ತಿಳಿಯಬಾರದು. ಅದು ಕಲ್ಲೇ ಕರಗಿ ಅನಿಲವಾಗಿ ಹೋಗುತ್ತಿರುವ ಗುರುತು. ಆಮ್ಲವು ಮೊದಲು ಹರಳುಗಳ ನಡುವಣ ಸಂದುಗಳನ್ನು ಕೊರೆಯುತ್ತದೆ, ಅಲ್ಲಿಗೆ ಗಾಳಿ ಸೇರುತ್ತದೆ. ಆಮೇಲೆ ಬೆಳಕು ಆಳಕ್ಕೆ ಇಳಿಯದು. ಅಮೃತಶಿಲೆಯ ಮುಖ ಪ್ಲಾಸ್ಟರಿನಂತೆ ಮಂಕಾಗುವುದು.

ಧೂಳಿಗೆ ಮೆದುವಾದ ಒಣ ಕುಂಚ ಸಾಕು. ಮೇಣ ತೊಟ್ಟಿಕ್ಕಿದ್ದರೆ ಬಿದಿರಿನ ಕಡ್ಡಿಯಿಂದ ಬಿಡಿಸಬಹುದು, ಚಾಕುವಿನಿಂದಲ್ಲ. ಕಾಠಿಣ್ಯದ ಅಳತೆಯಲ್ಲಿ ಕ್ಯಾಲ್ಸೈಟ್ 3, ಉಕ್ಕು ಅದಕ್ಕಿಂತ ಬಹಳ ಮೇಲೆ. ಒಮ್ಮೆ ಹುಳಿ ತಿಂದ ಮುಖಕ್ಕೆ ಮರಳಿ ಹೊಳಪು ತರಲು ಮೇಲ್ಪದರವನ್ನೇ ಉಜ್ಜಿ ತೆಗೆಯಬೇಕಾಗುತ್ತದೆ. ಶಿಲ್ಪಿ ಕಣ್ಣರೆಪ್ಪೆಯನ್ನು ಬಿಡಿಸಿರುವುದೂ ಆ ಪದರದಲ್ಲಿಯೇ.