ಗಾಯಗೊಂಡ ಸಲಗಕ್ಕೆ ಮದ್ದು ಹಾಕುವವರಾರು?

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಹಳ್ಳಿಯೂರು ಎಂಬುದೊಂದು ಗ್ರಾಮ. 2023ನೆಯ ಇಸವಿ ಆಗಸ್ಟ್ 31ರಂದು ಅರಣ್ಯ ಇಲಾಖೆಯ ತಂಡವೊಂದು ಆ ಗ್ರಾಮಕ್ಕೆ ಬಂದಿತ್ತು. ಆನೆಯನ್ನು ಸೆರೆಹಿಡಿಯುವುದಕ್ಕಾಗಲಿ ಓಡಿಸುವುದಕ್ಕಾಗಲಿ ಬಂದವರಲ್ಲ ಅವರು. ಅದಕ್ಕೆ ಚಿಕಿತ್ಸೆ ಮಾಡಲು ಬಂದವರು. ಜನರು ‘ಭೀಮ’ನೆಂದು ಹೆಸರಿಟ್ಟು ಕರೆಯುತ್ತಿದ್ದ ಕಾಡು ಸಲಗವೊಂದು ಮತ್ತೊಂದು ಆನೆಯೊಡನೆ ಕಾದಾಡಿ ಗಾಯಗೊಂಡಿತ್ತು. ಗಾಯವನ್ನು ತೊಳೆದು ಮದ್ದು ಹಾಕಬೇಕಾದರೆ ಮೊದಲು ಅದಕ್ಕೆ ಅರಿವಳಿಕೆ ಕೊಡಬೇಕು. ಆ ಕೆಲಸದಲ್ಲಿ ನುರಿತವರಾಗಿ ಮಲೆನಾಡಿನಲ್ಲೆಲ್ಲ ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ವೆಂಕಟೇಶರು ಬಂದೂಕಿನಿಂದ ಮದ್ದಿನ ಸೂಜಿಯನ್ನು ಹಾರಿಸಿದರು. ನೋವಿನಿಂದ ಕೆರಳಿದ ಆನೆ ಹಿಂದಿರುಗಿ ಅವರ ಮೇಲೆಯೇ ಎರಗಿತು. ಹಾಸನದ ಆಸ್ಪತ್ರೆಗೆ ಒಯ್ದರೂ ಅವರ ಪ್ರಾಣ ಉಳಿಯಲಿಲ್ಲ.

ಪ್ರಾಣಿಯ ನೋವನ್ನು ನೀಗಲು ಹೋದವರೇ ಆ ಪ್ರಾಣಿಯಿಂದ ಮಡಿದ ಈ ಸುದ್ದಿ ಯಾರ ಮನಸ್ಸನ್ನು ತಾನೆ ಕಲಕದು? ಮೂಕಪ್ರಾಣಿಗಳ ಶುಶ್ರೂಷೆ ಪುಣ್ಯಕಾರ್ಯವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಸಕಲೇಶಪುರ, ಆಲೂರುಗಳ ಬೆಟ್ಟಗಳಲ್ಲಿ ಆ ಪುಣ್ಯಕಾರ್ಯ ಎಷ್ಟು ದುಸ್ತರವೆಂಬುದನ್ನು ಪಟ್ಟಣವಾಸಿಗಳಾದ ನಾವು ಅರಿತಿರುವುದು ಕಡಿಮೆ.

ರೋಗಿಯ ಬಳಿಗೆ ಆಸ್ಪತ್ರೆ

ಪಶುವೈದ್ಯವು ಕನ್ನಡ ನಾಡಿಗೆ ಹೊಸದಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ವೇಳೆಗೇ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ್ದನು. ಇಂದು ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಬೆಂಗಳೂರಿನ ಬೀದಿಯಲ್ಲಿ ನಾಯಿಯೊಂದು ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡರೆ, ಅದನ್ನು ಎತ್ತಿ ತಂದು ಆರೈಕೆ ಮಾಡುವ ಧರ್ಮಸಂಸ್ಥೆಗಳುಂಟು. ಜಯಪುರದಲ್ಲಿ 1980ರಲ್ಲಿ ಪ್ರಾಣಿಗಳ ಆಸರೆಯೊಂದನ್ನು ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ, ತಮ್ಮ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪ’ ಸಂಸ್ಥೆಯನ್ನು ಸ್ಥಾಪಿಸಿದರು.

ನಾಯಿಯನ್ನು ಎತ್ತಿ ತರಬಹುದು. ಹಸುವನ್ನು ಹಗ್ಗ ಹಿಡಿದು ನಡೆಸಿಕೊಂಡು ಬರಬಹುದು. ನಾಲ್ಕೈದು ಟನ್ ತೂಗುವ ಕಾಡಾನೆಯನ್ನು ತರುವವರಾರು? ಇಲ್ಲಿ ಆಸ್ಪತ್ರೆಯೇ ರೋಗಿಯನ್ನು ಹುಡುಕಿಕೊಂಡು ಹೋಗಬೇಕು. ಅದಕ್ಕೂ ಮನಬಂದಂತೆ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿ ಆನೆ. ಎಂತಹ ದಯಾಳುವಾದ ಸಂಸ್ಥೆಯಾದರೂ ಸರ್ಕಾರದ ಅನುಮತಿಯಿಲ್ಲದೆ ಅದಕ್ಕೆ ಸೂಜಿಮದ್ದು ಹಾರಿಸಲಾಗದು.

ಅನುಮತಿ ದೊರೆತ ಮೇಲೆಯೇ ನಿಜವಾದ ಕಷ್ಟದ ಆರಂಭ. ಮದ್ದಿನ ಪ್ರಮಾಣವನ್ನು ಪ್ರಾಣಿಯ ತೂಕಕ್ಕೆ ತಕ್ಕಂತೆ ನಿರ್ಧರಿಸಬೇಕು. ಕಾಡಾನೆಯನ್ನು ತೂಗುವ ತಕ್ಕಡಿ ಎಲ್ಲಿದೆ? ಕಣ್ಣಳತೆಯೇ ಗತಿ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಸಿದರೆ ಆನೆಯ ಭುಜದ ಎತ್ತರ ಹೆಚ್ಚುಕಡಮೆ ತಿಳಿಯುತ್ತದೆಂಬ ಹಳೆಯ ಲೆಕ್ಕವೂ ನೆರವಿಗೆ ಬರುತ್ತದೆ. ಸೂಜಿ ನಾಟಿದ ಕ್ಷಣದಲ್ಲಿಯೇ ಆನೆ ಮಂಕಾಗುವುದಿಲ್ಲ. ಮದ್ದು ಮೈಗೇರಲು ಹಲವು ನಿಮಿಷಗಳು ಬೇಕು. ಆ ನಿಮಿಷಗಳಲ್ಲಿ ಅದು ಕಾಫಿ ತೋಟದ ಗಿಡಗಳ ನಡುವೆ ನುಗ್ಗಬಹುದು, ಕೆರೆಗೆ ಇಳಿಯಬಹುದು, ಇಲ್ಲವೇ ತಿರುಗಿ ಬೀಳಬಹುದು.

ಮದ್ದು ಏರಿದ ಮೇಲೆ ವೈದ್ಯರಿಗೆ ಇನ್ನೊಂದು ಚಿಂತೆ. ಆನೆ ಎದೆಯೂರಿ ಕುಸಿದರೆ ತನ್ನ ಮೈಭಾರದಿಂದಲೇ ಉಸಿರು ಕಟ್ಟುವ ಭಯವುಂಟು. ಕಣ್ಣಿಗೆ ಬಟ್ಟೆ ಮುಚ್ಚಿ, ಕಿವಿಗೂ ಮೈಗೂ ನೀರೆರೆದು ತಂಪು ಮಾಡುತ್ತಾ, ಸೊಂಡಿಲಿನ ಉಸಿರನ್ನು ಎಣಿಸುತ್ತಾ, ಕೀವು ತೆಗೆದು ಗಾಯ ತೊಳೆದು, ಬಹುದಿನ ಕೆಲಸಮಾಡುವ ಔಷಧಿಯನ್ನು ಕೊಡಬೇಕು. ಕೊನೆಗೆ ಕಿವಿಯ ರಕ್ತನಾಳಕ್ಕೆ ಮರುಮದ್ದನ್ನು ಚುಚ್ಚಿ ಎಲ್ಲರೂ ಹಿಂದೆ ಸರಿಯಬೇಕು. ಮರುದಿನ ಪಟ್ಟಿ ಬಿಚ್ಚಿ ನೋಡುವ ಅವಕಾಶ ಈ ವೈದ್ಯರಿಗಿಲ್ಲ.

ಗಾಯದ ಮೂಲ

ಇಷ್ಟೊಂದು ಆನೆಗಳು ಜನರ ನಡುವೆ ಗಾಯಗೊಂಡು ತಿರುಗುವುದೇಕೆ? ಸಲಗಗಳು ತಮ್ಮೊಳಗೆ ಕಾದಾಡುವುದು ಸಹಜಧರ್ಮ. ಆದರೆ ಈ ಸೀಮೆಯಲ್ಲಿ ಕಾಡು ತುಂಡುತುಂಡಾಗಿದೆ. ಬೆಟ್ಟದ ಮೇಲೆ ಕಾಫಿ, ಏಲಕ್ಕಿ. ತಗ್ಗಿನಲ್ಲಿ ಬತ್ತದ ಗದ್ದೆ. ಗೊರೂರಿನ ಬಳಿ ಹೇಮಾವತಿಯ ಜಲಾಶಯ. ನೆರಳು, ನೀರು, ಹಲಸು, ಬತ್ತ ಎಲ್ಲವೂ ಒಂದೆಡೆ ದೊರೆತರೆ ಆನೆ ಬಾರದಿರುವುದೆಂತು? ಬೆಳೆ ಹೋದ ರೈತನ ಸಂಕಟವೂ, ಮುಂಜಾನೆ ತೋಟಕ್ಕೆ ಹೋದವರು ಮರಳಿ ಬರುವರೋ ಇಲ್ಲವೋ ಎಂದು ಕಾಯುವ ಮನೆಯವರ ಸಂಕಟವೂ ಸಣ್ಣದಲ್ಲ.

ಉಚ್ಚ ನ್ಯಾಯಾಲಯವು ನೇಮಿಸಿದ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಸಲ್ಲಿಸಿ, ಆಲೂರು ಭಾಗದ ಆನೆಗಳನ್ನು ಹಿಡಿದು ಬೇರೆಡೆಗೆ ಒಯ್ಯಬೇಕೆಂದು ಸೂಚಿಸಿತು. 2014ರಲ್ಲಿ 22 ಆನೆಗಳನ್ನು ಹಿಡಿದುದೂ ಆಯಿತು. ಆದರೆ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು.

ಹಿಡಿಯುವ ಕೆಲಸವಾಗಲಿ, ಚಿಕಿತ್ಸೆಯಾಗಲಿ, ವೈದ್ಯರಿಗೆ ಕೋಟೆಯಂತೆ ಅಡ್ಡ ನಿಲ್ಲುವವು ಶಿಬಿರದ ಸಾಕಾನೆಗಳು. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನನನ್ನು ಯಾರು ಮರೆತಾರು? ವೆಂಕಟೇಶರು ತೀರಿಕೊಂಡ ಮೂರೇ ತಿಂಗಳಿಗೆ, 2023ರ ಡಿಸೆಂಬರ್ 4ರಂದು, ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯ ವೇಳೆ ಸಲಗವೊಂದರೊಡನೆ ಹೋರಾಡಿ ಅರ್ಜುನನು ಅಸುನೀಗಿದನು. ಆ ಕಾಡಿನ ಮಣ್ಣಿನಲ್ಲಿಯೇ ಅವನ ಸಮಾಧಿಯಾಯಿತು.

ಮದ್ದಿಗಿಂತ ಮೊದಲು

ಹಾಗಾದರೆ ಮಾಡಬಹುದಾದುದೇನು? ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸೇವಾಸಂಸ್ಥೆಯು ಅರಣ್ಯ ಇಲಾಖೆಯೊಡನೆ ಸೇರಿ ಈ ಸೀಮೆಯಲ್ಲಿ ಮುನ್ನೆಚ್ಚರಿಕೆಯ ಏರ್ಪಾಡೊಂದನ್ನು ಜಾರಿಗೆ ತಂದಿತು. ಆನೆಗಳು ಯಾವ ತೋಟದಲ್ಲಿವೆಯೆಂಬ ಸಂದೇಶ ಹಳ್ಳಿಗರ ಮೊಬೈಲಿಗೆ ಬರುತ್ತದೆ. ಆನೆಯಿರುವ ಕಡೆ ರಸ್ತೆಯ ಬದಿಯಲ್ಲಿ ಕೆಂಪು ದೀಪ ಮಿನುಗುತ್ತದೆ. ಕೂಲಿಯಾಳುಗಳು ಆ ದಿನ ಬೇರೆ ದಾರಿ ಹಿಡಿಯುತ್ತಾರೆ. ಮನುಷ್ಯನೂ ಆನೆಯೂ ಎದುರುಬದುರಾಗದಿದ್ದರೆ ಕಲ್ಲೇಟಿಲ್ಲ, ಗುಂಡೇಟಿಲ್ಲ, ಬೆದರಿದ ಆನೆಯ ತುಳಿತವೂ ಇಲ್ಲ. ಔಷಧಿಯ ಪೆಟ್ಟಿಗೆಯನ್ನು ತೆರೆಯದೆಯೇ ಮಾಡುವ ಪ್ರಾಣಿಸೇವೆ ಇದು.

ರಜೆ ಬಂತೆಂದರೆ ಸಕಲೇಶಪುರದ ತಂಪನ್ನು ಅರಸಿ ಹೊರಡುವ ನಮ್ಮ ಸಂಸಾರಗಳೂ ಈ ಸೇವೆಯಲ್ಲಿ ಪಾಲುಗೊಳ್ಳಬಹುದು. ಕೆಂಪು ದೀಪ ಕಂಡಲ್ಲಿ ನಿಲ್ಲುವುದು, ಆನೆ ಕಂಡಿತೆಂದು ಕಾರಿನಿಂದಿಳಿದು ಚಿತ್ರ ತೆಗೆಯಲು ಓಡದಿರುವುದು, ಕೂಗಿ ಬೆದರಿಸದಿರುವುದು ಇವಿಷ್ಟೇ ಸಾಕು. ಬಂದೂಕು ಹಿಡಿದು ಬಂದವರು ತನ್ನ ನೋವನ್ನು ಕಳೆಯಲು ಬಂದವರೆಂಬುದು ಹಳ್ಳಿಯೂರಿನ ಆ ದಿನ ಭೀಮನಿಗೆ ತಿಳಿಯುವಂತಿರಲಿಲ್ಲ. ಅದು ಪ್ರಾಣಿ, ತಿಳಿದು ನಡೆಯಬೇಕಾದ ಹೊಣೆ ನಮ್ಮದು.